ಹಣ್ಣು ಹಾರಿಹೋದ ಮೇಲೆ

ಸಿಹಿ ಸೆಂಟನ್ನು ನಮ್ಮ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶ್ರೀಗಂಧದೆಣ್ಣೆ ಹಚ್ಚಿಕೊಂಡವರನ್ನು ಕಂಡರೆ ಒಳ್ಳೆಯ ಅಭಿರುಚಿಯವರು ಅನ್ನುತ್ತಾರೆ. ಲಾವಂಚದ ಅತ್ತರಿಗೆ ಹಳೆಯ ಕಾಲದ ಗೌರವವಿದೆ. ಮಲ್ಲಿಗೆಯ ಬಗ್ಗೆಯಂತೂ ಯಾರದೂ ತಕರಾರಿಲ್ಲ. ಅದೇ ಒಬ್ಬ ಹುಡುಗಿ ಸ್ಟ್ರಾಬೆರಿ, ಕ್ಯಾರಮೆಲ್, ವೆನಿಲ್ಲಾ ಘಮ್ಮೆನ್ನುವ ಸೆಂಟು ಹಾಕಿಕೊಂಡು ಲಿಫ್ಟಿಗೆ ಬಂದಳೋ, ಪಕ್ಕದವರ ಮುಖದ ಮೇಲೆ ತೀರ್ಪು ಆಗಲೇ ಬರೆದಾಗಿರುತ್ತದೆ: ಇನ್ನೂ ಚಿಕ್ಕವಳು, ಅಗ್ಗದ ರುಚಿ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ವರ್ಷಗಳಿಂದ ನಾನು ಇಂಥ ಸೆಂಟುಗಳನ್ನೇ ಇಷ್ಟಪಟ್ಟು ಹಾಕಿಕೊಳ್ಳುತ್ತ ಬಂದವಳು. ಅವುಗಳಲ್ಲಿ ಕೆಟ್ಟವು ಬೇಕಾದಷ್ಟಿವೆ, ಒಳ್ಳೆಯವು ಕಡಿಮೆ. ಆದರೆ ಯಾವುದು ಯಾವುದೆಂದು ಗೊತ್ತಾಗುವುದು ಲಿಫ್ಟು ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಅಲ್ಲ. ಬೆಳಿಗ್ಗೆ ಹಾಕಿಕೊಂಡದ್ದನ್ನು ಸಂಜೆಯ ತನಕ ಮೂಸಿದವರಿಗೆ ಮಾತ್ರ ಅದರ ಬಗ್ಗೆ ಮಾತಾಡುವ ಹಕ್ಕು.

ಸುಗಂಧದ ವ್ಯಾಪಾರದಲ್ಲಿ ಈ ಬಗೆಯವಕ್ಕೆ ಗೂರ್ಮಾಂ ಎಂದು ಹೆಸರು. ತಿನ್ನುವ ಪದಾರ್ಥಗಳ ಪರಿಮಳವನ್ನು ಮುಂದೆ ಮಾಡಿಕೊಂಡು ಬರುತ್ತವೆ: ಕ್ಯಾರಮೆಲ್, ಚಾಕೊಲೇಟ್, ಜೇನು, ಬಾದಾಮಿ, ಜೊತೆಗೆ ಬಾಯಲ್ಲಿ ನೀರೂರಿಸುವ ಹಣ್ಣುಗಳು. ಇವಕ್ಕೆಲ್ಲ ದಾರಿ ಮಾಡಿಕೊಟ್ಟದ್ದು 1992ರಲ್ಲಿ ಪ್ಯಾರಿಸ್ಸಿನಿಂದ ಹೊರಬಂದ ಏಂಜೆಲ್. ಸ್ಟ್ರಾಸ್‌ಬುರ್ಗ್‌ನಲ್ಲಿ ಹುಟ್ಟಿ ಬೆಳೆದ ಫ್ಯಾಷನ್ ವಿನ್ಯಾಸಕ ಥಿಯರಿ ಮ್ಯುಗ್ಲೇರ್ ಅವರಿಗೆ ತಾವು ಚಿಕ್ಕವರಿದ್ದಾಗ ಕಂಡ ಜಾತ್ರೆಯ ಸಿಹಿ ತಿನಿಸುಗಳ ವಾಸನೆ ಸೆಂಟಿನಲ್ಲಿ ಬೇಕಿತ್ತು. ಅದನ್ನು ಕಟ್ಟಿಕೊಟ್ಟವರು ಸೆಂಟುಗಾರ ಒಲಿವಿಯೆ ಕ್ರೆಸ್ಪ್. ಅದೇ ವರ್ಷ ಬಂದು ಹೆಸರು ಮಾಡಿದ ಇನ್ನೊಂದು ಸೆಂಟು ವಿನ್ಯಾಸಕ ಇಸ್ಸೇ ಮಿಯಾಕೆಯವರ ಲೋ ದಿಸ್ಸೇ. ನೀರಿನಷ್ಟು ತಿಳಿಯಾಗಿರಬೇಕು ಎಂಬುದೇ ಅದರ ಹಟ. ಉಳಿದವರೂ ಆ ತಿಳಿನೀರಿನ ಕಡೆಗೇ ಹೊರಟಿದ್ದ ಹೊತ್ತಿನಲ್ಲಿ ಕ್ರೆಸ್ಪ್ ಪಾಕದ ಪಾತ್ರೆಯನ್ನು ಒಲೆಯ ಮೇಲಿಟ್ಟರು.

ಆ ಪಾಕದ ಗುಟ್ಟು ಇಥೈಲ್ ಮಾಲ್ಟಾಲ್ ಎಂಬ ಬಿಳಿಯ ಪುಡಿ. ಬಾಂಬೆ ಮಿಠಾಯಿ ಮಾಡುವವನ ಗಾಡಿಯ ಪಕ್ಕ ಹಾದುಹೋದಾಗ ಮೂಗಿಗೆ ಅಡರುವ ಕಾದ ಸಕ್ಕರೆಯ ಘಮ ಇದೆಯಲ್ಲ, ಅದೇ. ಇದರ ಹತ್ತಿರದ ನೆಂಟ ಮಾಲ್ಟಾಲ್, ಧಾನ್ಯ ಹುರಿದಾಗ, ಸಕ್ಕರೆ ಕಾಯಿಸಿದಾಗ ತಾನಾಗಿಯೇ ಹುಟ್ಟುತ್ತದೆ. ಇಥೈಲ್ ಮಾಲ್ಟಾಲ್ ಮನುಷ್ಯ ಮಾಡಿದ್ದು, ಅದಕ್ಕಿಂತ ಹಲವು ಪಟ್ಟು ಜೋರು. ಅಲ್ಲಿಯವರೆಗೆ ಅದಕ್ಕೆ ಹೆಚ್ಚಿನ ಕೆಲಸವಿದ್ದದ್ದು ಬಿಸ್ಕತ್ತು, ಮಿಠಾಯಿಗಳ ಕಾರ್ಖಾನೆಯಲ್ಲಿ. ಬರೀ ಅದನ್ನೇ ಸುರಿದಿದ್ದರೆ ಏಂಜೆಲ್ ಒಂದು ವರ್ಷವೂ ಬದುಕುತ್ತಿರಲಿಲ್ಲ. ಕ್ರೆಸ್ಪ್ ಅದರ ಎದುರಿಗೆ ಪಚೌಲಿ ಎಣ್ಣೆಯನ್ನು ಧಾರಾಳವಾಗಿ ತಂದು ನಿಲ್ಲಿಸಿದರು. ನಮ್ಮಲ್ಲಿ ಹೂಮಾಲೆಗೆ ಸೇರಿಸುವ ಪಚ್ಚೆತೆನೆಯ ಬಳಗದ್ದೇ ಗಿಡ ಅದು. ಒದ್ದೆ ಮಣ್ಣು, ಹಳೆಯ ಮರದ ಪೆಟ್ಟಿಗೆ, ಎಲ್ಲೋ ಒಂದಿಷ್ಟು ಕರ್ಪೂರ, ಕೋಕೋದ ಕಹಿ, ಇವೆಲ್ಲ ಅದರೊಳಗಿವೆ. 19ನೆಯ ಶತಮಾನದಲ್ಲಿ ಭಾರತದಿಂದ ಯೂರೋಪಿಗೆ ಹೋಗುತ್ತಿದ್ದ ಶಾಲುಗಳ ಮಡಿಕೆಯಲ್ಲಿ ನುಸಿ ಹಿಡಿಯದಿರಲೆಂದು ಪಚೌಲಿಯ ಒಣಗಿದ ಎಲೆ ಇಡುತ್ತಿದ್ದರು. ಅಲ್ಲಿಯ ಹೆಂಗಸರು ಶಾಲಿನ ಜೊತೆಗೆ ಆ ವಾಸನೆಯನ್ನೂ ಮೆಚ್ಚಿಕೊಂಡರು. ಸಕ್ಕರೆ ಒಂದು ಕಡೆ ಜಗ್ಗುತ್ತದೆ, ಮಣ್ಣು ಇನ್ನೊಂದು ಕಡೆ. ಆ ಜಗ್ಗಾಟದಲ್ಲೇ ಏಂಜೆಲ್ ಇರುವುದು. ಲೂಕಾ ಟ್ಯುರಿನ್ ಮತ್ತು ತಾನ್ಯಾ ಸ್ಯಾಂಚೆಜ್ 2008ರಲ್ಲಿ ಹೊರತಂದ ಸುಗಂಧಗಳ ಕೈಪಿಡಿಯಲ್ಲಿ ಇದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರೆ. ಸಿಹಿ ಸೆಂಟು ಎಂದು ಮೂಗು ಮುರಿಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇನ್ನು ಹಣ್ಣಿನ ಮಾತು. ಬಾಟಲಿಯ ಮೇಲೆ ಪೀಚ್, ರಾಸ್ಪ್‌ಬೆರಿ, ಪೇರ್ ಎಂದು ಬರೆದಿದ್ದರೂ ಒಳಗೆ ಆ ಹಣ್ಣುಗಳ ಒಂದು ಹನಿ ರಸವೂ ಇರುವುದಿಲ್ಲ. ಕಿತ್ತಳೆ, ನಿಂಬೆಗಳ ಸಿಪ್ಪೆ ಹಿಂಡಿದರೆ ಎಣ್ಣೆ ಬರುತ್ತದೆ. ಉಳಿದ ಹಣ್ಣುಗಳನ್ನು ಎಷ್ಟು ಹಿಂಡಿದರೂ ಸೆಂಟಿಗೆ ಒದಗುವಂಥದ್ದು ಸಿಗುವುದು ಕಷ್ಟ. ಹಾಗಾಗಿ ಹಣ್ಣಿನ ಪರಿಮಳವನ್ನು ಪ್ರಯೋಗಶಾಲೆಯಲ್ಲೇ ಜೋಡಿಸಬೇಕು. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟಿನಿಂದ, ಅನಾನಸಿನದು ಅಲೈಲ್ ಹೆಕ್ಸನೋಯೇಟಿನಿಂದ. ಪೀಚ್ ಹಣ್ಣಿನ ತುಪ್ಪುಳದಂಥ ಮೆತ್ತನೆಯ ಸಿಹಿ ಬರುವುದು ಗಾಮಾ ಅನ್‌ಡೆಕಲ್ಯಾಕ್ಟೋನ್ ಎಂಬ ವಸ್ತುವಿನಿಂದ. ಸೆಂಟುಗಾರ ಜಾಕ್ ಗೆರ್ಲೇನ್ ಅದನ್ನು 1919ರಲ್ಲೇ ಮಿತ್ಸುಕೋ ಎಂಬ ಸೆಂಟಿನಲ್ಲಿ ಬಳಸಿದರು. ಇದನ್ನು ಕೇಳಿದ ಕೂಡಲೇ ಕೆಲವರು, ಹಾಗಾದರೆ ಇದೆಲ್ಲ ಕೃತಕ, ಎಂದು ಮುಖ ತಿರುಗಿಸುತ್ತಾರೆ. ನನಗೆ ಹಾಗನ್ನಿಸಿಲ್ಲ. ಬಾಳೆಹಣ್ಣು ತನ್ನೊಳಗೆ ಮಾಡಿಕೊಳ್ಳುವ ಐಸೋಅಮೈಲ್ ಅಸಿಟೇಟಿಗೂ ಸೀಸೆಯಲ್ಲಿ ಮಾಡಿದ್ದಕ್ಕೂ ಅಣುವಿನ ಮಟ್ಟದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಜೊತೆಗಾರರಲ್ಲಿ. ಹಣ್ಣಿನೊಳಗೆ ಆ ಒಂದು ವಸ್ತುವಿನ ಸುತ್ತ ನೂರಾರು ಸಣ್ಣಪುಟ್ಟ ವಾಸನೆಗಳಿರುತ್ತವೆ, ಹುಳಿ, ಹಸಿರು, ಸಿಪ್ಪೆಯ ಒಗರು. ಒಳ್ಳೆಯ ಸೆಂಟುಗಾರ ಆ ಒಗರನ್ನೂ ಹುಳಿಯನ್ನೂ ಮರೆಯುವುದಿಲ್ಲ. ಕೆಟ್ಟ ಸೆಂಟಿನಲ್ಲಿ ಬರೀ ಸಿಹಿ ಇರುತ್ತದೆ. ಶಾಂಪೂ ಬಾಟಲಿ ತೆರೆದಾಗ ಬರುವ ಹಣ್ಣು ಅದು, ಮರದಲ್ಲಿ ಬಿಟ್ಟದ್ದಲ್ಲ.

ಈ ಹಣ್ಣಿನ ವಸ್ತುಗಳಿಗೆ ಒಂದು ಸ್ವಭಾವವಿದೆ. ಅವುಗಳಲ್ಲಿ ಹೆಚ್ಚಿನವು ಬಲು ಹಗುರ, ಮೈ ಬಿಸಿ ತಾಗಿದ್ದೇ ಹಾರಿಬಿಡುತ್ತವೆ. ಬಾಳೆ, ಅನಾನಸುಗಳ ವಾಸನೆ ಕೊಡುವಂಥ ಎಸ್ಟರುಗಳು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹೊರಟವು. ಪೀಚ್‌ನಂಥ ಲ್ಯಾಕ್ಟೋನುಗಳು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಇಥೈಲ್ ಮಾಲ್ಟಾಲ್, ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್, ಪಚೌಲಿಗಳು ಮಾತ್ರ ಸುಲಭಕ್ಕೆ ಜಾಗ ಬಿಟ್ಟು ಕದಲುವುದಿಲ್ಲ. ಅಂಗಡಿಯಲ್ಲಿ ಕೊಡುವ ಕಾಗದದ ಪಟ್ಟಿಯನ್ನು ಪುಸ್ತಕದೊಳಗಿಟ್ಟು ಎಷ್ಟೋ ದಿನದ ಮೇಲೆ ತೆರೆದರೂ ಈ ಮೂವರೂ ಅಲ್ಲೇ ಇರುತ್ತಾರೆ. ಎಂದರೆ, ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಹಣ್ಣು, ದಿನವಿಡೀ ಜೊತೆಗಿರುವುದು ಸಕ್ಕರೆ. ಹಣ್ಣನ್ನು ನೋಡಿ ಕೊಂಡವರು ಮಧ್ಯಾಹ್ನದ ಹೊತ್ತಿಗೆ ಸಕ್ಕರೆಯ ಜೊತೆ ಉಳಿದಿರುತ್ತಾರೆ. ಆಗ ಆ ಸಕ್ಕರೆಯ ಕೆಳಗೆ ಏನಿದೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಏಂಜೆಲನ್ನು ಮಣಿಕಟ್ಟಿಗೆ ಹಾಕಿಕೊಂಡು ಗಮನವಿಟ್ಟು ಮೂಸಿದರೆ ಹೀಗೆ ಸಾಗುತ್ತದೆ. ಮೊದಲ ನಿಮಿಷ ಅಷ್ಟೇನೂ ಹಿತವಲ್ಲ; ಕಿತ್ತಳೆ ಸಿಪ್ಪೆಯ ಚುರುಕು, ಅದರ ಹಿಂದೆಯೇ ಕರ್ಪೂರದಂತೆ ಮೂಗಿಗೆ ಬಡಿಯುವ ಪಚೌಲಿ, ಎರಡೂ ಒಟ್ಟಿಗೇ ಕೂಗಿಕೊಂಡು ಬರುತ್ತವೆ. ಆಮೇಲೆ ಹಣ್ಣು ತೆರೆದುಕೊಳ್ಳುತ್ತದೆ. ಕೆಂಪು ಬೆರಿಹಣ್ಣು, ಕಳಿತ ಪ್ಲಮ್ಮು, ಎಲ್ಲೋ ಒಂದು ಕಡೆ ಕರಬೂಜ. ಈ ಘಟ್ಟದಲ್ಲಿ ಹಣ್ಣು ಕಳಿತು ಇನ್ನೇನು ಕೊಳೆಯಲಿದೆ ಅನ್ನಿಸುತ್ತದೆ, ಆ ಅಂಚು ನನಗೆ ತುಂಬ ಇಷ್ಟ. ಊಟದ ಹೊತ್ತಿಗೆ ಜೇನು, ಚಾಕೊಲೇಟು. ಸಂಜೆ ನಾಲ್ಕು ಗಂಟೆಗೆ ಸಿಹಿ ತಗ್ಗಿ, ಒಣಗಿದ ಕೋಕೋ ಪುಡಿ ಮತ್ತು ಮರದ ಪೆಟ್ಟಿಗೆಯ ವಾಸನೆ ಹತ್ತಿರ ಬಂದವರಿಗೆ ಮಾತ್ರ ಸಿಗುವಷ್ಟು ಮೆಲ್ಲಗಾಗಿರುತ್ತದೆ. ನನಗೆ ಬೇಕಾದದ್ದು ಆ ನಾಲ್ಕು ಗಂಟೆಯದು. ಬೆಳಗಿನ ಗದ್ದಲವನ್ನೆಲ್ಲ ಅದಕ್ಕೋಸ್ಕರ ತಾಳಿಕೊಳ್ಳುತ್ತೇನೆ.

ಒಂದು ಮೇ ತಿಂಗಳಲ್ಲಿ ಶಿರಸಿ ಕಡೆಯ ನಮ್ಮೂರಿಗೆ ಮದುವೆಗೆಂದು ಹೋದಾಗ ಇದನ್ನೇ ಹಾಕಿಕೊಂಡಿದ್ದೆ. ಮಳೆ ಇನ್ನೂ ಹಿಡಿದಿರಲಿಲ್ಲ, ಸೆಕೆಗೆ ಮೈಯೆಲ್ಲ ಜಿಗಿಜಿಗಿ. ಅಂಥ ಹವೆಯಲ್ಲಿ ಸೆಂಟು ಎರಡು ಪಟ್ಟು ಮಾತಾಡುತ್ತದೆ. ಜಗಲಿಯಲ್ಲಿ ಬಾಳೆಲೆ ಒರೆಸುತ್ತ ಕೂತಿದ್ದ ದೊಡ್ಡಮ್ಮ ತಲೆಯೆತ್ತಿದಳು.

"ಎಂತದೇ ಇದು? ಹಲಸಿನಹಣ್ಣು ಕೊಯ್ದಿದ್ದು ಯಾರು?"

"ಯಾರೂ ಕೊಯ್ದಿಲ್ಲ ದೊಡ್ಡಮ್ಮ, ನಾನು ಸೆಂಟು ಹಾಕ್ಕೊಂಡಿದ್ದೆ."

"ಹೌದನೇ? ಬಕ್ಕೆ ಹಣ್ಣಿನ ಹಾಗೇ ಬಂತಲ್ಲೇ."

ಅವಳು ಹೇಳಿದ್ದರಲ್ಲಿ ನಿಜವಿತ್ತು. ಹಲಸಿನಹಣ್ಣಿನ ಆ ಊರಿಗೆಲ್ಲ ಹಬ್ಬುವ ಪರಿಮಳ ಬಹುಪಾಲು ಎಸ್ಟರುಗಳದ್ದೇ. ಸೆಂಟಿನ ಹಣ್ಣನ್ನು ಕಟ್ಟುವುದೂ ಅಂಥವುಗಳಿಂದಲೇ. ರಾತ್ರಿ ಊಟದ ಗಡಿಬಿಡಿ ಎಲ್ಲ ಮುಗಿದು ಕವಳ ಹಾಕುತ್ತ ನನ್ನ ಪಕ್ಕ ಕೂತವಳು ನನ್ನ ಸೆರಗಿನ ತುದಿ ಎಳೆದು ಮೂಗಿಗೆ ಹಿಡಿದಳು. "ಈಗ ಆಲೆಮನೆ ವಾಸನೆ ಬಂತು ನೋಡು. ಕೊಪ್ಪರಿಗೆ ಇಳಿಸೋ ಹೊತ್ತಿಂದು."

ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಲೆಮನೆಯಲ್ಲಿ ನಿಂತವರಿಗೆ ಗೊತ್ತು, ಕಬ್ಬಿನ ಹಾಲಿಗೆ ಮೊದಲು ಹುಲ್ಲಿನ ಹಸಿ ವಾಸನೆ ಇರುತ್ತದೆ. ಬೆಂಕಿ ಏರಿದ ಹಾಗೆ ನೊರೆ ಉಕ್ಕಿ, ಕೊಳೆ ತೆಗೆದು, ಬಣ್ಣ ಕೆಂಪಿಗೆ ತಿರುಗಿ, ಗುಳ್ಳೆಗಳು ದಪ್ಪವಾಗಿ ಒಡೆಯತೊಡಗುತ್ತವೆ. ಹದ ನೋಡುವವನು ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಉರುಳಿಸುತ್ತಾನೆ. ಆ ಹೊತ್ತಿಗೆ ಅಲ್ಲಿರುವ ವಾಸನೆ ಬರೀ ಸಿಹಿಯದಲ್ಲ. ಕೊಪ್ಪರಿಗೆಯ ಅಂಚಿಗೆ ಹತ್ತಿ ಕರಿದಾದ ಪಾಕದ ಕಹಿ ಇದೆ, ಕಬ್ಬಿನ ಸಿಪ್ಪೆ ಉರಿದ ಹೊಗೆ ಇದೆ, ಸುಣ್ಣದ ಕಾರ ಇದೆ. ಕೊಂಚ ತಡವಾದರೆ ಕಹಿಯೇ ಮೇಲಾಗುತ್ತದೆ, ಬೇಗ ಇಳಿಸಿದರೆ ಬೆಲ್ಲ ಹಸಿಯಾಗುತ್ತದೆ. ಒಳ್ಳೆಯ ಸಿಹಿ ಸೆಂಟನ್ನು ಮಾಡುವವರು ಹುಡುಕುವುದೂ ಆ ಹದವನ್ನೇ. ಏಂಜೆಲಿನಲ್ಲಿ ಹೊಗೆಯ ಮತ್ತು ಅಂಚಿನ ಕಹಿಯ ಕೆಲಸವನ್ನು ಪಚೌಲಿ ವಹಿಸಿಕೊಂಡಿದೆ.

ಸಿಹಿ ವಾಸನೆ ತಿಂಡಿಗೆ ಸರಿ, ಮೈಗೆ ಹಚ್ಚಿಕೊಳ್ಳುವುದಕ್ಕಲ್ಲ ಎನ್ನುವವರು ನಮ್ಮ ಹಳೆಯ ಗ್ರಂಥಗಳನ್ನು ನೋಡಬೇಕು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೇ ಇದೆ. ಹದಿನಾರು ದ್ರವ್ಯಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ 1,74,720 ಬಗೆಯ ಗಂಧಗಳನ್ನು ಮಾಡಬಹುದೆಂದು ಅಲ್ಲಿ ಲೆಕ್ಕ ಕೊಡುತ್ತಾನೆ. ನನಗೆ ಆ ಲೆಕ್ಕಕ್ಕಿಂತ ಇನ್ನೊಂದು ವಿಷಯ ಹೆಚ್ಚು ಪ್ರಿಯ: ಸಿದ್ಧವಾದ ಗಂಧಕ್ಕೆ ಬೆಲ್ಲ ಮತ್ತು ನಖದ ಧೂಪ ಕೊಡಬೇಕೆನ್ನುತ್ತಾನೆ. ನಖ ಎಂದರೆ ಕಡಲಿನ ಶಂಖದ ಜಾತಿಯ ಹುಳುವಿನ ಚಿಪ್ಪಿನ ಮುಚ್ಚಳ. ಸುಟ್ಟರೆ ಪ್ರಾಣಿಯ, ಉಪ್ಪಿನ ಘಾಟು. ಅದರ ಜೊತೆ ಸುಟ್ಟ ಬೆಲ್ಲ. ಸಿಹಿಯನ್ನು ಒಂಟಿಯಾಗಿ ಬಿಡಬಾರದು, ಅದರ ಪಕ್ಕ ಒರಟಾದದ್ದೊಂದು ಇರಬೇಕು ಎಂಬುದು ಅಷ್ಟು ಹಿಂದೆಯೇ ಇಲ್ಲಿ ತಿಳಿದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಗಂಧವನ್ನೂ ಧೂಪವನ್ನೂ ರಾಜನ ಭೋಗಗಳ ಸಾಲಿಗೇ ಸೇರಿಸಿದ್ದಾನೆ.

ಸಿಹಿ ಸೆಂಟುಗಳಲ್ಲಿ ಮತ್ತೆ ಮತ್ತೆ ಬರುವ ವೆನಿಲ್ಲಾದ ಬಗ್ಗೆ ಮಲೆನಾಡಿನವರಾದ ನಮಗೆ ಬೇರೆಯವರಿಗಿಂತ ಒಂದು ಮಾತು ಹೆಚ್ಚು ಹೇಳುವುದಿದೆ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ತೋಟಗಳಲ್ಲಿ ಗೊಬ್ಬರದ ಗಿಡಕ್ಕೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿತ್ತು. ಹಸಿ ಕೋಡಿನ ದರ ಕೆ.ಜಿ.ಗೆ ಸಾವಿರಾರು ರೂಪಾಯಿಗೆ ಏರಿ, ಜನ ರಾತ್ರಿ ಟಾರ್ಚು ಹಿಡಿದು ಬಳ್ಳಿ ಕಾಯುತ್ತಿದ್ದರು. ನಾಲ್ಕಾರು ವರ್ಷದಲ್ಲೇ ದರ ಕುಸಿದು ಬಳ್ಳಿಯನ್ನು ಕೇಳುವವರಿಲ್ಲವಾಯಿತು. ಆ ಬಳ್ಳಿಯ ಹೂವು ಅರಳುವುದು ಒಂದೇ ಬೆಳಗು. ಕಡ್ಡಿಯ ತುದಿಯಿಂದ ಹೂವಿನೊಳಗಿನ ಸಣ್ಣ ಪರದೆಯನ್ನು ಸರಿಸಿ ಪರಾಗವನ್ನು ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಈ ಉಪಾಯವನ್ನು ಕಂಡುಕೊಂಡವನು ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಹುಡುಗ. ಇವತ್ತಿಗೂ ಲೋಕದ ವೆನಿಲ್ಲಾ ನಡೆದಿರುವುದು ಅವನ ಕೈಚಳಕದ ಮೇಲೆ. ಬಲಿತ ಹಸಿ ಕೋಡಿಗೆ ಪರಿಮಳವೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಬಿಸಿಲಿಗೆ ಹಾಕಿ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿದ ಮೇಲೆ ಅದು ಕಂದು ಬಣ್ಣಕ್ಕೆ ಬಂದು ಮಾತಾಡತೊಡಗುತ್ತದೆ. ನಮ್ಮ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿದ್ದ ಆ ಕೋಡುಗಳ ವಾಸನೆಯಲ್ಲಿ ಐಸ್‌ಕ್ರೀಮಿನ ಸುಳಿವೇ ಇರಲಿಲ್ಲ. ಒಣದ್ರಾಕ್ಷಿ, ತಂಬಾಕು, ಚರ್ಮದ ಚೀಲ, ಅವುಗಳ ನಡುವೆ ತಡವಾಗಿ ಬರುವ ಸಿಹಿ.

ಅಂಥ ಕೋಡನ್ನು ಮೂಸಿದವರಿಗೆ ಅಗ್ಗದ ವೆನಿಲ್ಲಾ ಸೆಂಟು ಯಾಕೆ ತೆಳುವಾಗಿ ಕಾಣುತ್ತದೆಂದು ವಿವರಿಸಬೇಕಾಗಿಲ್ಲ. ಕೋಡಿನ ಪರಿಮಳದಲ್ಲಿ ನೂರಾರು ವಸ್ತುಗಳಿವೆ, ವೆನಿಲಿನ್ ಅವುಗಳಲ್ಲಿ ಮುಖ್ಯವಾದದ್ದೊಂದು ಅಷ್ಟೆ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿದ ಮೇಲೆ ಅದು ಸುಲಭಕ್ಕೆ ಸಿಗುವಂತಾಯಿತು. ಗೆರ್ಲೇನ್ ಮನೆತನದವರು 1889ರ ಜಿಕಿಯಲ್ಲಿ, 1925ರ ಶಾಲಿಮಾರ್‌ನಲ್ಲಿ ಅದನ್ನು ಎಷ್ಟು ಚೆನ್ನಾಗಿ ದುಡಿಸಿಕೊಂಡರೆಂದರೆ, ಶಾಲಿಮಾರ್ ಈ ನೂರು ವರ್ಷದಲ್ಲೂ ಮುದಿಯಾಗಿಲ್ಲ. ವೆನಿಲಿನ್ ಹೆಚ್ಚಿರುವ ಸೆಂಟು ಕಾಲಕ್ರಮದಲ್ಲಿ ಕಂದಾಗುತ್ತದೆ, ಬಿಳಿ ರವಿಕೆಯ ಮೇಲೆ ಕಲೆ ಉಳಿಯುತ್ತದೆ. ರೇಷ್ಮೆ ಉಡುವ ದಿನ ನಾನು ಮೊದಲು ಸೆಂಟು ಹಾಕಿಕೊಂಡು, ಅದು ಒಣಗಿದ ಮೇಲೆಯೇ ಸೀರೆ ಮುಟ್ಟುವುದು.

ಏಂಜೆಲಿನ ಸಂತಾನ ದೊಡ್ಡದು. 2012ರಲ್ಲಿ ಲಾಂಕೋಮ್ ಹೊರತಂದ ಲಾ ವಿ ಎ ಬೆಲ್ ಅದರಲ್ಲಿ ಎಲ್ಲರಿಗೂ ಪರಿಚಿತ. ಕತ್ತಿನ ಸುತ್ತ ಬೂದು ಬಣ್ಣದ ತೆಳು ಬಟ್ಟೆ ಕಟ್ಟಿದ ಬಾಟಲಿ. ಮೊದಲು ಪೇರ್ ಮತ್ತು ಬ್ಲ್ಯಾಕ್‌ಕರಂಟ್ ಹಣ್ಣು, ಆಮೇಲೆ ಬೀಜಗಳನ್ನು ಸಕ್ಕರೆ ಪಾಕದಲ್ಲಿ ಹುರಿದಂಥ ಪ್ರಾಲೀನ್, ಕೆಳಗೆ ಪಚೌಲಿ. ಇದರಲ್ಲಿ ಸಿಹಿಗೆ ಕಡಿವಾಣ ಹಾಕುವ ಕೆಲಸ ಐರಿಸ್ ಗೆಡ್ಡೆಯದು. ವರ್ಷಗಟ್ಟಲೆ ಒಣಗಿಸಿಟ್ಟ ಮೇಲೆ ಪುಡಿಪುಡಿಯಾದ, ತಣ್ಣನೆಯ ಪರಿಮಳ ಕೊಡುವ ಗೆಡ್ಡೆ ಅದು. ಬೆಂಗಳೂರಿನ ಡಿಸೆಂಬರಿನಲ್ಲಿ ಐರಿಸ್ ಗೆಲ್ಲುತ್ತದೆ, ಸೆಂಟು ಸೊಗಸಾಗಿರುತ್ತದೆ. ಏಪ್ರಿಲಿನಲ್ಲಿ ನನ್ನ ಮೈಮೇಲೆ ಪ್ರಾಲೀನೇ ಗೆದ್ದು, ಮಧ್ಯಾಹ್ನದೊಳಗೆ ಬೇಸರ ಬರಿಸುತ್ತದೆ. ಇದಕ್ಕಿಂತ ಈಚಿನ ಎಷ್ಟೋ ಸೆಂಟುಗಳಲ್ಲಿ ಈ ಗೆಲುವು ಸೋಲಿನ ಪ್ರಶ್ನೆಯೇ ಬರುವುದಿಲ್ಲ. ಸಕ್ಕರೆಯ ಎದುರು ಯಾರೂ ನಿಂತಿರುವುದಿಲ್ಲ. ಹಣ್ಣು ಹೋದ ಮೇಲೆ ಬಾಂಬೆ ಮಿಠಾಯಿ, ಸಂಜೆಗೂ ಬಾಂಬೆ ಮಿಠಾಯಿ. ಇವುಗಳನ್ನು ಹಾಕಿಕೊಳ್ಳುವ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸಿಹಿ ಬೇಕೆಂದು ತಿಳಿದು ಇಷ್ಟು ಸೋಮಾರಿ ಸಿಹಿಯನ್ನು ಬಾಟಲಿಗೆ ತುಂಬಿ ಮಾರುವವರ ಮೇಲೆ ಇದೆ.

ಹಾಕಿಕೊಳ್ಳುವ ಅಳತೆಯೂ ತೀರ್ಪಿನ ಒಂದು ಭಾಗವೇ. ನಮ್ಮ ಮೂಗು ನಮ್ಮ ಸೆಂಟಿಗೆ ಬೇಗ ಒಗ್ಗಿಹೋಗುತ್ತದೆ. ನಮಗೆ ಕೇಳಿಸದಿದ್ದರೂ ಪಕ್ಕದವರಿಗೆ ಪೂರ್ತಿ ಕೇಳಿಸುತ್ತಿರುತ್ತದೆ. ಇಥೈಲ್ ಮಾಲ್ಟಾಲ್ ಇರುವಂಥದ್ದಕ್ಕೆ ಇದು ಇನ್ನೂ ಹೆಚ್ಚು ಅನ್ವಯ. ಮೆಟ್ರೋದ ತುಂಬಿದ ಬೋಗಿಯಲ್ಲಿ ಯಾರಿಗೂ ಎದ್ದು ದೂರ ಹೋಗುವ ಅವಕಾಶವಿರುವುದಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಅರೆತಲೆನೋವಿದೆ, ಅವರ ಜೊತೆ ಮೀಟಿಂಗ್ ಇರುವ ದಿನ ಸೆಂಟು ಹಾಕುವುದಿಲ್ಲ. ಉಳಿದ ದಿನ ಏಂಜೆಲ್ ಆದರೆ ಒಂದೇ ಒಂದು ಸಲ ಒತ್ತುತ್ತೇನೆ, ಅದೂ ಬಟ್ಟೆಯೊಳಗೆ, ಹೊಟ್ಟೆಯ ಹತ್ತಿರ. ಅಲ್ಲಿಂದ ಅದು ನಿಧಾನವಾಗಿ ಮೇಲೆ ಬರುತ್ತದೆ. ಆಸ್ಪತ್ರೆಗೆ, ಸಾವಿನ ಮನೆಗೆ ಬೇಡ. ದೇವಸ್ಥಾನಕ್ಕೆ ಹಾಕಿಕೊಂಡು ಹೋಗುತ್ತೇನೆ. ಅಲ್ಲಿ ಕರ್ಪೂರ, ಬಾಳೆಹಣ್ಣು, ಬೆಲ್ಲಗಳ ನಡುವೆ ಅದಕ್ಕೆ ತನ್ನ ಮನೆಗೇ ಬಂದ ಹಾಗೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಅಣ್ಣನ ಮಗಳು ಮೊದಲ ಸಂಬಳದಲ್ಲಿ ಸೆಂಟು ಕೊಳ್ಳಬೇಕೆಂದು ನನ್ನನ್ನು ಕೇಳಿದಳು. ಹೆಸರು ಹೇಳಲಿಲ್ಲ. ಒಂದೊಂದು ಕೈಗೆ ಒಂದೊಂದು ಹಾಕಿಸಿಕೋ, ಉಜ್ಜಬೇಡ, ಅಲ್ಲಿ ಏನನ್ನೂ ಕೊಳ್ಳಬೇಡ, ಹೊರಗೆ ಬಂದು ಊಟ ಮಾಡು, ಸಂಜೆ ಫೋನ್ ಮಾಡು ಎಂದೆ. ಆರು ಗಂಟೆಗೆ ಮಾಡಿದಳು.

"ಅತ್ತೆ, ಬಲಗೈದು ಹಣ್ಣು ಹೋಗೇ ಹೋಯ್ತು. ಈಗ ಬರೀ ಸಕ್ಕರೆ."

"ಎಡಗೈದು?"

"ಅದರಲ್ಲೂ ಹಣ್ಣು ಹೋಗಿದೆ. ಆದ್ರೆ ಕೆಳಗೆ ಏನೋ ಕಹಿ ಇದೆ, ಒಣಗಿದ ಕಟ್ಟಿಗೆ ಥರ. ರೂಮ್‌ಮೇಟಿಗೆ ಇಷ್ಟ ಆಗ್ಲಿಲ್ಲ."

"ನಿಂಗೆ?"

"ನಂಗೆ ಆಗಿಂದ ಮೂಸ್ತಾನೇ ಇರಬೇಕು ಅನ್ನಿಸ್ತಾ ಇದೆ."

ಹಾಗಾದರೆ ಎಡಗೈದನ್ನೇ ತಗೋ, ಇದ್ದುದರಲ್ಲಿ ಸಣ್ಣ ಬಾಟಲಿ ಕೇಳು, ಕಿಟಕಿಯ ಬಿಸಿಲಿಗೆ ಇಡಬೇಡ ಎಂದು ಹೇಳಿದೆ.